ಮೂವತ್ತೊಂದು ಪ್ರಳಯ ಕಂಡ ಮೈದುನ

ನಮ್ಮ ಮೈದುನನ ಪ್ರಕಾರ ಜಗತ್ತು ಈವರೆಗೆ ಮೂವತ್ತೊಂದು ಸಲ ಮುಗಿದಿದೆ. ನೀರು ನುಗ್ಗಿ ಏಳು ಸಲ, ರೋಗ ಹಬ್ಬಿ ಒಂಬತ್ತು ಸಲ, ಆಕಾಶದಿಂದ ಏನೋ ಬಿದ್ದು ನಾಲ್ಕು ಸಲ. ಉಳಿದ ಸಲವೆಲ್ಲ ದೊಡ್ಡವರ ತಲೆ ಕೆಟ್ಟು. ಪ್ರತಿ ಸಲವೂ ಬದುಕಿ ಉಳಿದವರು ಹದಿನಾರರೊಳಗಿನ ಹುಡುಗ ಹುಡುಗಿಯರು, ಒಂದು ನಾಯಿ, ಮತ್ತು ಐವತ್ತಕ್ಕೆ ಒಂದೇ ವರ್ಷ ಕಡಿಮೆಯಿರುವ ನಮ್ಮ ಮೈದುನ. ನಾನು ಮಾತ್ರ ಒಂದರಲ್ಲೂ ಉಳಿದಿಲ್ಲ.

"ವೈನಿ, ನೀವು ಮೊದಲನೇ ಅಧ್ಯಾಯದಾಗ ಹೋಗ್ತೀರಿ" ಎಂದು ಅವನೇ ಒಮ್ಮೆ ಹೇಳಿದ್ದಾನೆ.

"ಯಾಕಪಾ?"

"ಎಲ್ಲಾರೂ ಓಡೂ ಹೊತ್ತಿನ್ಯಾಗ ನೀವು ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ನೋಡಾಕ ಒಳಗ ಹೋಗ್ತೀರಿ."

ನಾನು ವಾದ ಮಾಡಲಿಲ್ಲ. ಅವನು ಹೇಳಿದ್ದು ಖರೆಯೇ ಇತ್ತು. ಅಲ್ಲದೆ ಆಗ ಒಲೆಯ ಮೇಲೆ ಹಾಲಿತ್ತು.

ಆಗ ಅವನಿದ್ದದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ಚೀಲಗಳನ್ನು ತಂಪಿನಲ್ಲಿ ಕಾಯ್ದಿಡುವ ಕೋಲ್ಡ್ ಸ್ಟೋರೇಜೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಮದುವೆಯಾಗಿಲ್ಲ. ಎರಡು ಕೋಣೆಯ ಬಾಡಿಗೆ ಮನೆ, ಒಂದು ಸೈಕಲ್ಲು, ಬಾಗಿಲ ಪಕ್ಕದ ಗೂಟಕ್ಕೆ ಸದಾ ಸಿದ್ಧವಾಗಿ ತೂಗುವ ಒಂದು ಚೀಲ. ಚೀಲದಲ್ಲಿ ಟಾರ್ಚು, ಬೆಂಕಿಪೆಟ್ಟಿಗೆ, ಹಗ್ಗ, ನೀರಿನ ಬಾಟಲಿ, ಒಂದು ಜೊತೆ ಬಟ್ಟೆ, ನಾನೇ ಕೊಟ್ಟ ಶೇಂಗಾ ಚಟ್ನಿಪುಡಿ, ಮತ್ತು ಅರ್ಧ ಓದಿದ ಪುಸ್ತಕ. ಜಗತ್ತು ಮುಗಿದರೂ ಕಥೆ ಅರ್ಧಕ್ಕೆ ನಿಲ್ಲಬಾರದಂತೆ.

ಈ ಹುಚ್ಚು ಹತ್ತಿದ್ದು ಹಾವೇರಿಯ ನಮ್ಮ ಮನೆಯ ಅಟ್ಟದ ಮೇಲೆ. ನಮ್ಮ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಜಗತ್ತು ಮುಗಿಯುವ ಇಂಥ ಕಥೆಪುಸ್ತಕಗಳನ್ನು ಊಟ ಬಿಟ್ಟು ಓದುತ್ತಿದ್ದಳು. ಕಾಲೇಜಿಗೆಂದು ಧಾರವಾಡಕ್ಕೆ ಹೋಗುವಾಗ ಎಲ್ಲವನ್ನೂ ಒಂದು ರಟ್ಟಿನ ಡಬ್ಬಿಯಲ್ಲಿ ತುಂಬಿ ಅಟ್ಟಕ್ಕೆ ಹಾಕಿದಳು. ಮುಂದೊಂದು ಭಾನುವಾರ ಅಟ್ಟದ ಮೇಲಿನ ದೊಡ್ಡ ಪಾತೇಲಿ ಇಳಿಸಿಕೊಡಪಾ ಎಂದು ಮೈದುನನನ್ನು ಏಣಿ ಹತ್ತಿಸಿದೆ. ಹತ್ತಿದವನು ಒಂದೂವರೆ ತಾಸಾದರೂ ಇಳಿಯಲಿಲ್ಲ. ಕೂಗಿದರೆ, "ಸೇತುವೆ ಬೀಳಾಕತ್ತೈತ್ರಿ ವೈನಿ, ಸ್ವಲ್ಪ ತಡೀರಿ" ಎಂಬ ಉತ್ತರ ಬಂತು. ನಾನು ಕೆಳಗೆ ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತೆ.

ರಜೆಗೆ ಬಂದ ಮಗಳು ನಕ್ಕಳು. "ಕಾಕಾ, ಅವು ಸಣ್ಣವರು ಓದೋ ಪುಸ್ತಕ. ಇದ ಥರಾ ದೊಡ್ಡವರಿಗಂತನೂ ಬರದಾರ, ತಂದು ಕೊಡ್ಲೇನು?"

ತಂದು ಕೊಟ್ಟಳು. ಅವನು ಎರಡು ಓದಿ ಹಿಂದಕ್ಕೆ ಕೊಟ್ಟ. "ದೊಡ್ಡವರ ಪುಸ್ತಕದಾಗ ಜಗತ್ತು ಮುಗದ ಮ್ಯಾಲೆ ಎಲ್ಲಾರೂ ಕುಂತು ವಿಚಾರ ಮಾಡ್ತಾರವ್ವಾ. ಹುಡುಗರ ಪುಸ್ತಕದಾಗ ಎದ್ದು ನೀರು ಎಲ್ಲೈತಿ ಅಂತ ಹುಡುಕ್ತಾರ" ಎಂದ. ಮಗಳು ಎರಡನ್ನೂ ಚೀಲಕ್ಕೆ ಹಾಕಿಕೊಂಡಳು. ಅಂದು ನಲ್ಲಿ ಬರುವ ದಿನ, ನಾನು ಕೊಡಗಳನ್ನು ಸಾಲಾಗಿಡುತ್ತಿದ್ದೆ.

ನೀರಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಒಮ್ಮೆ ಅವನು ವಹಿ, ಪೆನ್ನು ಹಿಡಿದು ನಮ್ಮ ಮನೆಯ ತಪಾಸಣೆಗೇ ಬಂದ. ಆ ವಾರ ಓದಿದ ಪುಸ್ತಕದಲ್ಲಿ ಮೂರೇ ದಿನಕ್ಕೆ ನೀರು ಖಾಲಿಯಾಗಿ ಒಂದು ಪಟ್ಟಣವೇ ಬಡಿದಾಡಿತ್ತಂತೆ.

"ವೈನಿ, ನಾಳಿಂದ ನಲ್ಲಿ ಬರಲಿಲ್ಲಂದ್ರ ನಿಮ್ಮ ಮನ್ಯಾಗ ಎಷ್ಟು ದಿನದ ನೀರೈತಿ?"

ನಾನು ಅವನನ್ನು ಹಿತ್ತಿಲಿಗೆ ಕರೆದೊಯ್ದೆ. ನೆಲದೊಳಗಿನ ಟಾಕಿ, ಮಾಳಿಗೆಯ ಟಾಕಿ, ಹಂಡೆ, ಆರು ಕೊಡ, ಎರಡು ಡ್ರಮ್ಮು, ಮುಚ್ಚಳವಿರುವ ಬಕೆಟ್ಟುಗಳು. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತದೆ, ಅದೂ ಬರುವ ಮನಸ್ಸಿದ್ದರೆ. ಆಮೇಲೆ ಒಳಗೆ ಕರೆತಂದು ವರ್ಷದ ಖಾರ, ಹಪ್ಪಳ, ಸಂಡಿಗೆ, ಶಾವಿಗೆ, ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ, ತಿಂಗಳಾದರೂ ಕೆಡದ ಕಟಕ ರೊಟ್ಟಿಯ ಒಟ್ಟಿಲು, ನಾಲ್ಕು ಬಗೆಯ ಉಪ್ಪಿನಕಾಯಿ ತೋರಿಸಿದೆ. ಅವನು ಬರೆಯುವುದನ್ನು ನಿಲ್ಲಿಸಿ ದೇವರ ಮನೆಯೆದುರು ನಿಂತವನಂತೆ ನಿಂತ.

"ಆ ಪುಸ್ತಕದ ಮಂದಿಗೆ ಕಟಕ ರೊಟ್ಟಿ ಒಂದು ಗೊತ್ತಿದ್ರ ಕತಿ ಅರ್ಧಕ್ಕ ಮುಗೀತಿತ್ತು" ಎಂದ ಕೊನೆಗೆ.

"ಅವರಾಗ ರೊಟ್ಟಿ ಬಡಿಯಾಕಿ ಯಾರು? ಉಂಡ ಪಾತ್ರಿ ತೊಳಿಯಾಕಿ ಯಾರು? ಅದನ್ನ ಬರದಾರೇನು?" ಎಂದು ಕೇಳಿದೆ. ಅವನು ಪ್ರಶ್ನೆಯನ್ನು ಬರೆದುಕೊಂಡು ಹೋದ. ಮುಂದಿನ ಭಾನುವಾರ ಚಪ್ಪಲಿ ಬಿಡುವ ಮೊದಲೇ ಹೇಳಿದ: "ಪಾತ್ರಿ ಪಾಳಿ ಮ್ಯಾಲೆ ತೊಳೀತಾರ್ರಿ ವೈನಿ. ಎರಡು ಪುಸ್ತಕದಾಗ ಸಿಕ್ತು."

ಪಾಳಿ ಎಂದರೆ ನಮ್ಮ ಮನೆತನದಲ್ಲಿ ಬೇರೆಯೇ ಒಂದು ಮಾತು. ನನ್ನ ಗಂಡ ಮೂವರು ಅಣ್ಣತಮ್ಮಂದಿರಲ್ಲಿ ಹಿರಿಯರು. ನಾವು ಹಾವೇರಿಯಲ್ಲಿ, ಬೀಜದ ಅಂಗಡಿಯಿರುವ ನಡುವಿನವನು ರಾಣೆಬೆನ್ನೂರಿನಲ್ಲಿ, ಸಣ್ಣವನಾದ ಇವನು ಬ್ಯಾಡಗಿಯಲ್ಲಿ. ಮೂರೂ ಒಂದೇ ರೈಲು ದಾರಿಯ ಊರುಗಳು. ಎಂಬತ್ತು ದಾಟಿದ ನಮ್ಮ ಅತ್ತೆ ವರ್ಷಕ್ಕೆ ಮೂರು ಸಲ, ನಾಲ್ಕು ತಿಂಗಳಿಗೊಂದು ಮನೆಯಂತೆ, ಪ್ಯಾಸೆಂಜರ್ ಗಾಡಿ ಹತ್ತಿ ಇಳಿಯುತ್ತ ಬಂದವರು. ಒಂದು ಚೀಲ, ಒಂದು ಎಲೆಅಡಿಕೆ ಡಬ್ಬಿ, ಒಂದು ಬೆತ್ತ. ಈ ಗಾಡಿ ಹತ್ತುವುದು ಅವರಿಗೆ ಆಗದ ದಿನ ಏನು ಮಾಡುವುದು, ಯಾರ ಮನೆಯಲ್ಲಿ ಉಳಿಯುವುದು ಎಂಬ ಮಾತನ್ನು ಯಾರೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ. ಎತ್ತಿದವರ ಮಡಿಲಿಗೇ ಬೀಳುವ ಮಾತು ಅದು ಎಂದು ನನಗೆ ಗೊತ್ತಿತ್ತು.

"ಪ್ರಳಯದ ತಯಾರಿ ಅಂದ್ರ ನಮ್ಮ ಅವ್ವಂದು ನೋಡ್ರಿ. ಮೂರು ಮನಿ, ಒಂದ ಚೀಲ" ಎಂದು ಮೈದುನ ಒಮ್ಮೆ ಮೆಚ್ಚುಗೆಯಿಂದ ಹೇಳಿದ. ಉಳಿದವರು ನಕ್ಕರು. ನನಗೆ ಅಂದಿನ ಊಟ ರುಚಿಸಲಿಲ್ಲ.

ಮೂರು ಪಾಳಿಗಳಲ್ಲಿ ನಮಗೆ ಹೆದರಿಕೆ ಇದ್ದದ್ದು ಬ್ಯಾಡಗಿಯದರ ಬಗ್ಗೆ. ಹೆಂಗಸರಿಲ್ಲದ ಮನೆ, ಪುಸ್ತಕದಲ್ಲಿ ಮೂಗು ಇಟ್ಟುಕೊಂಡ ಮಗ. ನಮ್ಮ ಹೆದರಿಕೆ ಸುಳ್ಳಾಗಲಿಲ್ಲ. ಒಮ್ಮೆ ಅವನು ಅತ್ತೆಗೆ ಎರಡು ಸ್ವೆಟರ್ ಹಾಕಿಸಿ, ತಲೆಗೆ ಶಾಲು ಸುತ್ತಿ, ತನ್ನ ಕೋಲ್ಡ್ ಸ್ಟೋರೇಜು ತೋರಿಸಲು ಕರೆದೊಯ್ದ. ಗೋಡೆ ಎಷ್ಟು ದಪ್ಪ, ಬಾಗಿಲು ಹೇಗೆ ಮುಚ್ಚುತ್ತದೆ, ಹೊರಗೆ ಏನೇ ಆಗಲಿ ಒಳಗೆ ಹೇಗೆ ಬದುಕಬಹುದು ಎಂದೆಲ್ಲ ವಿವರಿಸಿದನಂತೆ. ಮಾಳಿಗೆಯೆತ್ತರಕ್ಕೆ ಒಟ್ಟಿದ ಮೆಣಸಿನಕಾಯಿ ಚೀಲಗಳ ನಡುವೆ ಅತ್ತೆ ಹನ್ನೊಂದು ಸೀನು ಸೀನಿ ಹೊರಗೆ ಬಂದರು.

"ಒಳಗ ಮೈ ನಡಗತೈತಿ, ಮೂಗು ಉರೀತೈತಿ. ಇಂಥಾದ್ರಾಗ ಉಳಿಯೋದಕ್ಕಿಂತ ಎಲ್ಲಾರ ಕೂಡ ಹೋಗೋದು ಛಲೋ ಅಲ್ಲೇನೋ ತಮ್ಮಾ?"

ಆದರೆ ಕಥೆಗಳ ವಿಷಯದಲ್ಲಿ ಅತ್ತೆ ಮಗನ ಕಡೆ. ಅವರು ಯಾವ ಮನೆಯಲ್ಲಿದ್ದರೂ ಭಾನುವಾರ ಅವನು ಅಲ್ಲಿಗೆ ಪುಸ್ತಕದೊಂದಿಗೆ ಬರುವವನೇ. ಇಂಗ್ಲಿಷ್ ಪುಸ್ತಕ ಕೈಯಲ್ಲಿ, ಕನ್ನಡ ಬಾಯಲ್ಲಿ. ಕುಸಿದ ಊರು, ಬರಿದಾದ ರಸ್ತೆ, ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವ ಹದಿನಾಲ್ಕರ ಹುಡುಗಿ. ಅತ್ತೆ ಕೇಳುತ್ತ ಕೇಳುತ್ತ ಅಡಿಕೆ ಕತ್ತರಿಸುವರು.

"ಹತ್ತು ದಿನ ನಡದಾಳ, ಒಮ್ಮೆನೂ ತಲಿ ಹಿಕ್ಕೊಂಡಿಲ್ಲಲ್ಲೋ. ಹೇನು ಆಗೋದಿಲ್ಲೇನು?"

ಮುಂದಿನ ಭಾನುವಾರದ ಹೊತ್ತಿಗೆ ಹುಡುಗಿಗೆ ಸುಟ್ಟ ಅಂಗಡಿಯೊಂದರಲ್ಲಿ ಹಣಿಗೆ ಸಿಕ್ಕಿತ್ತು. ಅದು ಪುಸ್ತಕದಲ್ಲಿ ಇರಲಿಲ್ಲ ಎಂದು ನನಗೆ ಬಲವಾದ ಸಂಶಯ.

ಅತ್ತೆಗೆ ಅಷ್ಟಕ್ಕೇ ತೃಪ್ತಿಯಿಲ್ಲ. "ಯಾವೂರಾಕಿ? ಯಾರ ಪೈಕಿ?" ಎಂದು ತಿಳಿಯಲೇಬೇಕು. ಊರಿನ ಹೆಸರು ವಿದೇಶದ್ದು, ಬಾಯಿಗೆ ಹೊರಳುವುದಿಲ್ಲ. ಮೈದುನ ಸುಲಭದ ದಾರಿ ಹಿಡಿದ: "ಮೋಟೆಬೆನ್ನೂರಾಕಿ" ಎಂದುಬಿಟ್ಟ. ಹೈವೇ ಮೇಲಿನ ಊರು, ನಡೆಯಲು ದೊಡ್ಡ ರಸ್ತೆ ಇದೆ, ಕಥೆಗೆ ಅನುಕೂಲ. ಹೀಗೆ ನಾಲ್ಕು ಭಾನುವಾರಗಳಲ್ಲಿ ಮೋಟೆಬೆನ್ನೂರು ಸುಟ್ಟಿತು, ಮುಳುಗಿತು, ಕೊನೆಗೆ ಬೂದಿಯ ಮಳೆಯಲ್ಲಿ ಮುಚ್ಚಿಹೋಯಿತು.

ಐದನೆಯ ವಾರ ಮೋಟೆಬೆನ್ನೂರಿನಿಂದ ದೂರದ ಸಂಬಂಧಿ ಹೆಣ್ಣುಮಗಳೊಬ್ಬಳು ಮದುವೆ ಕಾರ್ಡು ಕೊಡಲು ನಮ್ಮ ಮನೆಗೆ ಬಂದಳು. ನಾನು ಚಹಾಕ್ಕೆ ಇಟ್ಟಿದ್ದೆ. ಪಡಸಾಲೆಯಿಂದ ಅತ್ತೆಯ ದನಿ ಕೇಳಿತು.

"ಬದುಕಿ ಬಂದ್ಯಾ ನಮ್ಮವ್ವಾ. ನಿಮ್ಮೂರಾಗ ಒಂದು ಮನಿ ಉಳದಿಲ್ಲಂತಲ್ಲ."

"ಯಾವಾಗ್ರೀ? ನಾ ಒಂಬತ್ತರ ಬಸ್ಸಿಗೆ ಬಂದೇನಿ, ಎಲ್ಲಾ ಇದ್ದುವಲ್ರಿ?"

"ಹಂಗಾರ ಆಮ್ಯಾಲೆ ಆಗಿರಬೇಕು" ಎಂದರು ಅತ್ತೆ, ಮರುಕದಿಂದ.

ನಾನು ಹೊರಗೆ ಬರುವಷ್ಟರಲ್ಲಿ ಆಕೆ ಮೂರು ಸಲ ಮನೆಗೆ ಫೋನು ಹಚ್ಚಿದ್ದಳು. ಗಂಡ ಹೊಲದಲ್ಲಿದ್ದನೋ ಏನೋ, ಎತ್ತಲಿಲ್ಲ. ನಾನು ಏನು ಹೇಳಿದರೂ ಕೇಳದೆ, ಚಹಾ ಕುಡಿಯದೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಕಾರ್ಡು ಕೊಡುವುದನ್ನೂ ಮರೆತಳು. ಆ ಮದುವೆಗೆ ನಾವು ಹೋಗಲಿಲ್ಲ. ಕರೆಯದೆ ಹೇಗೆ ಹೋಗುವುದು?

"ಕತಿ ಅಂತ ನನಗೂ ಗೊತ್ತೈತಿ. ಆ ಊರಾಕಿನ ಬಂದಾಳ, ಹುಡುಗಿ ಸುದ್ದಿ ಕೇಳಿದ್ರ ತಪ್ಪೇನು?" ಎಂದರು ಅತ್ತೆ ಸಂಜೆ.

ಇಷ್ಟಾದ ಮೇಲೆ ಸೀಟಿ ಬಂತು. ಅವನ ಪುಸ್ತಕದ ಹುಡುಗರ ಕೊರಳಲ್ಲಿ ಸೀಟಿ ಇರುತ್ತದಂತೆ. ದಾರಿ ತಪ್ಪಿದರೆ ಊದಬೇಕು. ನಿವೃತ್ತನಾದ ಕಂಡಕ್ಟರ್ ಗೆಳೆಯನಿಂದ ಒಂದು ಹಿತ್ತಾಳೆಯ ಸೀಟಿ ಇಸಿದುಕೊಂಡು ಬಂದು, ಕರಿ ದಾರ ಪೋಣಿಸಿ, ನಮ್ಮ ಪಾಳಿ ನಡೆದಿದ್ದಾಗ ಅತ್ತೆಯ ಕೊರಳಿಗೆ ಹಾಕಿದ. "ಬಸ್ಸಿನ ಲೆಕ್ಕ ಅವ್ವಾ. ಒಂದು ಊದಿದ್ರ ನಿಂದ್ರು, ನನ್ನ ಕಡೆ ಬಾ. ಎರಡು ಊದಿದ್ರ ಹೋಗು."

ಅವನು ಸಂಜೆಯ ಗಾಡಿಗೆ ಬ್ಯಾಡಗಿಗೆ ಹೋದ. ಸೀಟಿಯ ಸದ್ದು ನನ್ನ ಪಾಲಿಗೆ ಉಳಿಯಿತು. ಚಹಾಕ್ಕೆ ಒಂದು ಸೀಟಿ, ಕನ್ನಡಕಕ್ಕೆ ಒಂದು, ಫ್ಯಾನು ಹಚ್ಚಲು ಒಂದು, ಆರಿಸಲು ಒಂದು. ಕೈ ಒರೆಸಿಕೊಂಡು ಓಡಿ ಹೋದರೆ, "ಏನಿಲ್ಲ ಯವ್ವಾ, ಏನು ಪಲ್ಯಾ ಮಾಡಾಕತ್ತೀದಿ ಅಂತ ಕೇಳಾಕ" ಎಂದು ಎರಡು ಊದಿ ನನ್ನನ್ನು ಬಿಡುವರು. ಕುಕ್ಕರಿನದೋ ಅತ್ತೆಯದೋ ತಿಳಿಯದೆ ಎರಡು ಸಲ ಬೇಳೆ ಹೊತ್ತಿತು. ಒಂದು ದಿನ ಎರಡು ಸೀಟಿ ಕೇಳಿ, ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಎದ್ದು ಚಪ್ಪಲಿ ಮೆಟ್ಟಿ ಆಫೀಸಿಗೆ ಹೊರಟರು. ಅಂದು ಭಾನುವಾರ.

ನನಗೆ ನಗು ಬರಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ನಗು ಬರುತ್ತಿರಲಿಲ್ಲ. ಐದಕ್ಕೆ ಏಳುವುದು, ಅತ್ತೆಗೆ ಬಿಸಿನೀರು, ಗುಳಿಗೆ, ರೊಟ್ಟಿ, ನೀರಿನ ಸರದಿ, ಬಟ್ಟೆ, ಮತ್ತೆ ಗುಳಿಗೆ. ಜಗತ್ತು ಮುಗಿಯುವುದನ್ನು ಕಾಲು ಚಾಚಿ ಓದುವವರಿಗೇನು, ಮುಗಿಯದ ಜಗತ್ತನ್ನು ದಿನಾ ಬೆಳಿಗ್ಗೆ ಗುಡಿಸಿ ಒರೆಸುವವರು ಬೇರೆ ಇರುತ್ತಾರೆ ಎಂದು ಮನಸ್ಸಿನಲ್ಲೇ ಮೈದುನನಿಗೆ ಬಯ್ದುಕೊಂಡೆ.

ನಮ್ಮ ಪಾಳಿ ಮುಗಿಯಲು ಹದಿನೈದು ದಿನವಿತ್ತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕುಳಿತು ಖಾರಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳು, ಕಟ್ಟೆಗೆ ತಲೆ ಆನಿಸಿದ್ದು ನೆನಪಿದೆ. ಕಣ್ಣು ತೆರೆದಾಗ ಬಿಸಿಲು ಜರುಗಿತ್ತು. ಮನೆಯಲ್ಲಿ ಸೀಟಿಯ ಸದ್ದಿರಲಿಲ್ಲ. ಆ ಮೌನಕ್ಕೇ ಹೆದರಿ ಎದ್ದು ನೋಡಿದರೆ, ಅತ್ತೆ ಬಚ್ಚಲ ಹೊಸ್ತಿಲಲ್ಲಿ ಬಿದ್ದಿದ್ದರು. ಕಾಲು ತಿರುಚಿತ್ತು. ಮುಖ ಬಿಳಿಚಿತ್ತು. ಕೊರಳಲ್ಲಿ ಸೀಟಿ ಇತ್ತು.

"ಎಷ್ಟೊತ್ತಾತ್ರಿ ಅತ್ತಿ? ಸೀಟಿ ಯಾಕ ಊದಲಿಲ್ಲ?"

"ಬಚ್ಚಲಕ್ಕ ಹೋಗುಮುಂದ ನೋಡಿದ್ನೆವ್ವಾ, ನೀ ಮಕ್ಕೊಂಡಿದ್ದಿ" ಎಂದರು. ಹಲ್ಲು ಕಚ್ಚಿಕೊಂಡಿದ್ದರು. "ಎಂದೂ ಹಗಲು ಮಲಗಿದಾಕಿ ಅಲ್ಲ. ಎಬ್ಬಸಬಾರದು ಅನ್ನಿಸ್ತು."

ಪಲ್ಯ ಯಾವುದೆಂದು ಕೇಳಲು ಊದುತ್ತಿದ್ದ ಹೆಣ್ಣುಮಗಳು.

ಸೊಂಟದ ಎಲುಬು ಮುರಿದಿತ್ತು. ಆಪರೇಶನ್ ಆಯಿತು. ಬದುಕಿಗೆ ಭಯವಿಲ್ಲ, ಆದರೆ ಇನ್ನು ಗಾಡಿ ಹತ್ತಿಸುವ ಮಾತು ಬೇಡ ಎಂದರು ಡಾಕ್ಟರು. ಯಾರೂ ಎತ್ತದೆ ಇದ್ದ ಮಾತು ತಾನಾಗಿಯೇ ಎದ್ದು ನಮ್ಮ ಪಡಸಾಲೆಯಲ್ಲಿ ಬಂದು ಕುಳಿತಿತು.

ಮೂವರು ಅಣ್ಣತಮ್ಮಂದಿರೂ ಸೇರಿದರು. "ನಮ್ಮದು ಮಾಳಗಿ ಮ್ಯಾಲಿನ ಮನಿ. ಇಪ್ಪತ್ತೆರಡು ಪಾವಟಿಗಿ ಹತ್ತಿಸೋದು ಹೆಂಗ?" ಎಂದ ರಾಣೆಬೆನ್ನೂರಿನವನು. ಸುಳ್ಳಲ್ಲ, ಆ ಮೆಟ್ಟಿಲುಗಳನ್ನು ನಾನೂ ಎಣಿಸಿದ್ದೇನೆ. ನನ್ನ ಗಂಡ ತಿರುಗುವ ಫ್ಯಾನು ನೋಡುತ್ತಿದ್ದರು. "ವೈನಿ ಹೆಂಗಂತಾರೋ ಹಂಗ" ಎಂದು ನಡುವಿನವನು ಮುಗಿಸಿದ. ಎಲ್ಲರೂ ನನ್ನತ್ತ ತಿರುಗಿದರು. ಒಲ್ಲೆ ಎನ್ನಲು ನನಗೆ ಬಾಯಿರಲಿಲ್ಲ, ಆಗಲಿ ಎನ್ನಲು ಮೈಯಲ್ಲಿ ಏನೂ ಉಳಿದಿರಲಿಲ್ಲ. ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅಲ್ಲಿ ಅತ್ತೆ ಎಚ್ಚರವಿದ್ದರು.

ಮೈದುನ ಮೂಲೆಯಲ್ಲಿ ಕುಳಿತು ಪುಸ್ತಕದ ಪುಟ ತಿರುವುತ್ತಿದ್ದ.

"ಆ ಹುಡುಗರ ಪುಸ್ತಕ ಕೆಳಗಿಡೋ ಮಾರಾಯಾ. ಇಲ್ಲೇನು ನಡದೈತಿ, ನೀ ಏನು ಮಾಡಾಕತ್ತೀದಿ?" ಎಂದು ನಡುವಿನವನು ರೇಗಿದ.

"ಇದನ್ನ ಹುಡುಕಾಕತ್ತೀನಿ ಅಣ್ಣಾ" ಎಂದ ಅವನು, ಗಾಬರಿಯಿಲ್ಲದೆ. "ಮೂವತ್ತೊಂದು ಪುಸ್ತಕದಾಗ ಒಂದರಾಗೂ ನಡೀಲಾರದವರನ್ನ ಬಿಟ್ಟು ಮುಂದ ಹೋಗಿಲ್ಲ. ಬಿಡೋಣು ಅನ್ನಾವ ಒಬ್ಬ ಇರ್ತಾನ, ಖರೆ. ಅವ ಮುಂದಿನ ಅಧ್ಯಾಯದಾಗ ಇರೂದಿಲ್ಲ."

"ನಾ ಬಿಡೋಣು ಅಂದೆನೇನೋ?"

"ನಿನಗಲ್ಲ ಬಿಡು. ಅವರು ಏನು ಮಾಡ್ತಾರಂದ್ರ, ಯಾರಿಗೆ ಹೆಜ್ಜಿ ಎತ್ತಾಕ ಆಗೂದಿಲ್ಲ, ಅವರು ಇದ್ದಲ್ಲೇ ಬಿಡಾರ ಹಾಕ್ತಾರ. ನೀರಿಗೆ ಹೋಗೋರು, ಕಟಿಗಿಗೆ ಹೋಗೋರು, ಎಲ್ಲಾರೂ ಅಲ್ಲಿಂದ ಹೋಗಿ ಅಲ್ಲಿಗೆ ಬರ್ತಾರ."

"ಬಿಡಿಸಿ ಹೇಳು" ಎಂದರು ನನ್ನ ಗಂಡ, ಫ್ಯಾನಿನಿಂದ ಕಣ್ಣು ಕಿತ್ತು.

"ಇಷ್ಟು ವರ್ಷ ಅವ್ವ ತಿರುಗಿದ್ಲು. ಇನ್ನ ಅಕಿ ಇಲ್ಲೇ ಇರ್ಲಿ. ಪಾಳಿ ಪ್ರಕಾರ ನಾವು ತಿರುಗೋಣು."

ಅಷ್ಟು ಸರಳ ಮಾತು ಆ ಪಡಸಾಲೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ನಾವು ದೊಡ್ಡವರೆಲ್ಲ ಕುಂತು ವಿಚಾರ ಮಾಡುತ್ತಿದ್ದೆವಲ್ಲ.

ರಾಣೆಬೆನ್ನೂರಿನ ಗಂಡಹೆಂಡತಿ ವಾರಕ್ಕೆರಡು ದಿನ ಬರುತ್ತೇವೆಂದರು. ಬರುತ್ತಿದ್ದಾರೆ, ಒಂದು ದಿನ. ಮೈದುನ ಮಾತ್ರ ಮೂರನೆಯ ದಿನಕ್ಕೆ ಬ್ಯಾಡಗಿಯ ಮನೆ ಖಾಲಿ ಮಾಡಿ ಬಂದ. ಗೂಟದ ಚೀಲ ಹೆಗಲಲ್ಲಿ, ಪುಸ್ತಕದ ಟ್ರಂಕು ಆಟೋದಲ್ಲಿ. ಕೆಲಸಕ್ಕೆ ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಾನೆ. ಅತ್ತೆಯ ಮೈ ಒರೆಸುವುದು, ರಾತ್ರಿಯ ಎಚ್ಚರ, ಇಡೀ ಭಾನುವಾರ ಅವನದು. ರಾತ್ರಿಯ ಪಾತ್ರೆಯನ್ನೂ ತೊಳೆಯುತ್ತಾನೆ. ನಾನು ಬೆಳಿಗ್ಗೆ ಮತ್ತೊಮ್ಮೆ ತೊಳೆಯುತ್ತೇನೆ, ಅವನಿಗೆ ಹೇಳಿಲ್ಲ.

ಬಂದ ದಿನ ಚೀಲವನ್ನು ನಮ್ಮ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತ ಹೇಳಿದ: "ಮುಂದಿನ ಸಲ ನೀವು ಓಡ್ರಿ ವೈನಿ. ಗ್ಯಾಸ್ ನಾ ನೋಡ್ತೀನಿ."

ಒಳಗಿನಿಂದ ಅತ್ತೆ ಮಗನನ್ನು ಕರೆದರು. ಕೊರಳಿನ ಸೀಟಿ ತೆಗೆಯಲು ಹೇಳಿದರು. "ನನಗ ಈಗ ನೀ ಅದೀಯಲ್ಲ. ಇದನ್ನ ಅಕಿಗೆ ಕೊಡು. ಬಾಯಿ ಬಿಟ್ಟು ಒಬ್ಬರನ್ನ ಕರದಾಕಿ ಅಲ್ಲ ಅಕಿ."

ಸೀಟಿಯನ್ನು ಅಡುಗೆಮನೆಯ ಹಿತ್ತಿಲ ಕಡೆಯ ಕಿಟಕಿಗೆ ಸಿಕ್ಕಿಸಿದೆ. ಬಹಳ ದಿನ ಅಲ್ಲೇ ಇತ್ತು. ನಾನೇನು ಊದುವುದು, ಯಾತಕ್ಕೆಂದು ಊದುವುದು?

ಮೊನ್ನೆ ಭಾನುವಾರ ನಲ್ಲಿ ಬಂದಿತ್ತು. ಎಲ್ಲ ತುಂಬಿ ಮುಗಿಸಿ, ಕೊನೆಯ ಕೊಡವನ್ನು ಸೊಂಟಕ್ಕೆತ್ತಲು ಬಾಗಿದೆ. ಕೈ ಒಲ್ಲೆನೆಂದಿತು. ಒಳಗೆ ಮೂವತ್ತೆರಡನೆಯ ಪ್ರಳಯ ನಡೆದಿತ್ತು. ಹುಡುಗರು ಬಾಯಾರಿ ಒಂದು ಗುಡ್ಡ ಏರುತ್ತಿದ್ದರು, ಆಚೆ ಕೆರೆ ಇದ್ದೀತು ಎಂದು. ಕಿಟಕಿಯ ಸೀಟಿ ತೆಗೆದುಕೊಂಡೆ. ನಾಚಿಕೆಯಾಯಿತು.

ಒಂದು ಊದಿದೆ.

ಓದು ಥಟ್ಟನೆ ನಿಂತಿತು. "ಬಂದ್ನಿರಿ ವೈನಿ" ಎಂಬ ದನಿ, ಅದರ ಹಿಂದೆಯೇ ಅತ್ತೆಯದು:

"ಪುಟಕ್ಕ ಗುರ್ತು ಇಟ್ಟು ಹೋಗೋ ತಮ್ಮಾ. ಆ ಹುಡುಗ್ರೂ ಒಂದೀಟು ಕುಂದ್ರಲಿ. ನಡದು ನಡದು ಸಾಕಾಗ್ಯಾರ."

ನಾನು ಕೊಡವನ್ನು ಅಲ್ಲೇ ಬಿಟ್ಟು ಹಿತ್ತಿಲ ಕಟ್ಟೆಯ ಮೇಲೆ ಕುಳಿತೆ.